ಉರಿ ತಾಗದ ಬೆರಳು

ಉರಿಯುತ್ತಿದ್ದ ಸ್ಪಿರಿಟ್ ದೀಪದ ಬತ್ತಿಯನ್ನು ಹಲ್ಲಿನ ಡಾಕ್ಟರ್ ರಾಚಪ್ಪ ಬರಿಬೆರಳಲ್ಲೇ ಹಿಸುಕಿ ಆರಿಸಿದ!

ಸುಂದ್ರವ್ವ ಚಿಟ್ಟನೆ ಚೀರಿದಳು. ಅವನ ಮುಖದಲ್ಲಿ ಮಾತ್ರ ನೋವಿನ ಗೆರೆಯೂ ಇರಲಿಲ್ಲ. ಬಿರುಕು ಬಿಟ್ಟು ನೀರೊಸರುತ್ತಿದ್ದ ತನ್ನ ಮೂರು ಬೆರಳುಗಳನ್ನು ಯಾರದೋ ಎಂಬಂತೆ ನೋಡಿಕೊಂಡ.

ಅದು 1936ರ ಗೋಕಾಕ ಪೇಟೆ. ಸೋದರತ್ತೆ ಅಕ್ಕವ್ವನ ಹಲ್ಲು ಕೀಳಿಸಲು ಸುಂದ್ರವ್ವ ಮೂಡಲಗಿಯಿಂದ ಡಾಕ್ಟರ್ ರಾಚಪ್ಪನ ದವಾಖಾನೆಗೆ ಬಂದಿದ್ದಳು. ಕಪಾಟಿನಲ್ಲಿ ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳು ಅವಳನ್ನೇ ನೋಡಿ ನಗುವಂತಿದ್ದವು.

"ಸುಡಲಿಲ್ಲೇನ್ರಿ?"

"ಇಲ್ರಿ," ಎಂದು ಕೈ ಬೆನ್ನ ಹಿಂದೆ ಮುಚ್ಚಿಕೊಂಡ.

ಅವಳು ಹೆದರಿ ಓಡಬೇಕಿತ್ತು. ಆದರೆ ಅತ್ತೆಯ ಒಸಡಿಗೆ ಜೋಮು ಹಿಡಿಸುವ ಔಷಧವನ್ನು ಬೆರಳಲ್ಲೇ ತಿಕ್ಕುತ್ತ, "ಅವ್ವಾರ, ಈ ಹಲ್ಲಿಲೆ ಎಷ್ಟು ಮಂದೀನ ಕಚ್ಚೀರಿ?" ಎಂದು ನಗಿಸಿದ ನೋಡಿ... ನಮ್ಮ ಹುಡುಗಿ ಅಲ್ಲೇ ಸೋತಳು!

ಕಟ್ಟುಹಲ್ಲಿನ ನೆಪದಲ್ಲಿ ನಾಲ್ಕು ಸಲ ಬಂದಳು. ನಾಲ್ಕೂ ಸಲ ಅವನ ಕಣ್ಣು ಅವಳನ್ನೇ ಹುಡುಕಿತ್ತು. ಅಕ್ಕವ್ವ ಮದುವೆಯ ಮಾತೆತ್ತಿದಾಗ ಮಾತ್ರ ಅವನಿಂದ ಬಂದದ್ದು ಒಂದೇ ಉತ್ತರ: "ಆಗೂದಿಲ್ಲ."

'ಆ ಕಣ್ಣು ಸುಳ್ಳು ಹೇಳಿದ್ವಾ...?'

ಸೋಮವಾರ ಅತ್ತೆಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ತಾನೇ ಕೇಳಲು ಹೋದಳು. ಬಸವಣ್ಣನ ವಾರವೆಂದು ಸೋಮವಾರ ಎತ್ತಿಗೆ ನೊಗ ಹೂಡದ ಮನೆತನ ರಾಚಪ್ಪನದು. ಅಂದು ಅವನೂ ಇಕ್ಕಳ, ಔಷಧ ಮುಟ್ಟುತ್ತಿರಲಿಲ್ಲ.

ಒಳಗೆ ಹಾಡುಹಗಲೇ ಕತ್ತಲು. ಕಿಟಕಿ ಮುಚ್ಚಿ, ಕೈಗವಸು ತೊಟ್ಟು, ಬಟ್ಟೆಯ ಗಂಟಿನ ಪಕ್ಕ ಅವನು ಒಂದೇ ದೀಪದ ಮುಂದೆ ಕೂತಿದ್ದ. ಆ ಬೆಳಕಿಗೆ ದವಡೆಗಳ ನೆರಳು ಗೋಡೆಯ ಮೇಲೆ ಅಲುಗುತ್ತಿತ್ತು.

"ಒಳಗ ಬರಬ್ಯಾಡ್ರಿ! ನನಗ ಮಹಾರೋಗ, ಕುಷ್ಠ ಹತ್ತೇತಿ. ಬೆರಳು ಸತ್ತಾವು. ನಾಳೆ ಊರು ಬಿಡತೇನಿ."

"ಖರೆ ಏನ್ರಿ...?"

"ನೀವ ನೋಡ್ರಿ!" ಕೈಗವಸು ಕಿತ್ತು ಬೆರಳನ್ನು ಉರಿಗೆ ಹಿಡಿದ.

"ಹಾಯ್!"

ಚೀರಿದವನು ಅವನೇ! ಕೈ ಹಿಂದೆಳೆದುಕೊಂಡು ಬೆರಳನ್ನೇ ದಿಟ್ಟಿಸಿದ.

"ದಿನಾ ಕೆಲಸ ಮುಗಿಸಿ ಹಿಂಗ ನೋಡತಿದ್ದೆ... ಒಮ್ಮೀನೂ ಸುಟ್ಟಿಲ್ಲ."

ಸುಂದ್ರವ್ವನಿಗೆ ಥಟ್ಟನೆ ಹೊಳೆಯಿತು. "ಇವತ್ತು ಆ ಔಷಧ ಮುಟ್ಟಿಲ್ಲಲ್ರಿ! ಅದನ್ನ ಹಚ್ಚಿದ ದಿನ ನಮ್ಮ ಅತ್ತೆಗೆ ತುಟಿ ಕಚ್ಚಿಕೊಂಡ್ರೂ ಗೊತ್ತಾಗಲಿಲ್ಲ. ನಿಮ್ಮ ಬೆರಳಿಗೂ ಅದ ಇಳದೈತಿ!"

ರಾಚಪ್ಪ ಕೈ ನೋಡಿಕೊಂಡ. ಒಡೆದದ್ದು ಔಷಧ ತಿಕ್ಕುವ ಮೂರೇ ಬೆರಳು! ಚರ್ಮಕ್ಕೆ ಆಗಿಬರದೆ ಅದೇ ಬಿರುಕು ತಂದಿತ್ತು, ಆ ಬಿರುಕಿನಿಂದಲೇ ಒಳಗಿಳಿದು ಜೋಮು ಹಿಡಿಸಿತ್ತು. ಊರಿನ ಹಲ್ಲುನೋವು ಕಳೆದ ಜಾಣನಿಗೆ ಇಷ್ಟು ತಿಳಿದಿರಲಿಲ್ಲ.

"ದೊಡ್ಡ ಡಾಕ್ಟರಗ ಒಮ್ಮೆ ತೋರಸ್ತೇನಿ... ಆಮ್ಯಾಲ..."

"ನಾನೂ ಬರ್ತೇನಿ." ಅವಳು ಹಿಂಜರಿಯದೆ ಆ ಬೆರಳುಗಳನ್ನು ಹಿಡಿದುಕೊಂಡಳು. ಅವನು ಮುಖ ಹಿಂಡಿದ.

"ನೋಯ್ತೈತೇನ್ರಿ?"

"ಭಾಳ ನೋಯ್ತೈತಿ..." ಅವನ ಕಣ್ಣು ತುಂಬಿ ಬಂತು. "ಬಿಡಬ್ಯಾಡ."