ಒಡೆಟ್ ಹಾಕದ ಮತ

"ನನ್ನ ಅರ್ಜಿನ ಎರಡು ಸಲ ವಾಪಸ್ ಕಳಿಸಿದ್ದು ನೀವೇನಾ?"

ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಫೆರಿ ದೋಣಿಯಲ್ಲಿ ಎದುರು ಸೀಟಿಗೆ ಧೊಪ್ಪನೆ ಕೂತವನನ್ನು ಒಡೆಟ್ ತಲೆಯೆತ್ತಿ ನೋಡಿದಳು. ಕ್ಯಾಲಮ್, ಮಿದುಳು ವಿಜ್ಞಾನಿ. ಜಗಳಕ್ಕೇ ಬಂದಿದ್ದ, ಕೋಟಿನ ಗುಂಡಿ ಮಾತ್ರ ತಪ್ಪು ಕಾಜಕ್ಕೆ ಸೇರಿತ್ತು.

"ನಾನೇ. ಮೂರನೇ ಸಲಾನೂ ಕಳಿಸ್ತೀನಿ."

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ವಿಶ್ವವಿದ್ಯಾಲಯದ ನೀತಿ ಸಮಿತಿಯಲ್ಲಿ ಅವಳು ವಕೀಲೆ.

"ಜೋಡಿಗಳ ಮಿದುಳು ಸ್ಕ್ಯಾನ್ ಮಾಡಿ, ಯಾರು ಜೊತೆಗಿರ್ತಾರೆ, ಯಾರು ಬಿಟ್ಟು ಹೋಗ್ತಾರೆ ಅಂತ ಮೊದಲೇ ಹೇಳೋದು. ತಪ್ಪೇನ್ರೀ?"

"ಹೇಳೋದೇ ತಪ್ಪು. 'ನಿಮ್ಮಿಬ್ರದ್ದು ಬಾಳಿಕೆ ಬರಲ್ಲ' ಅಂತ ಮೆಷಿನ್ ಅಂದ್ಮೇಲೆ ಅವರು ನೆಮ್ಮದಿಯಾಗಿ ಒಟ್ಟಿಗೆ ಊಟಕ್ಕೆ ಕೂರ್ತಾರಾ? ನೀವು ಭವಿಷ್ಯ ಹೇಳ್ತಿಲ್ಲ ಡಾಕ್ಟ್ರೇ, ಮನೆ ಮುರೀತಿದ್ದೀರಿ."

ಅವನು ನಕ್ಕುಬಿಟ್ಟ. ಬೇಡವೆಂದರೂ ಆ ನಗು ಅವಳಿಗೆ ಹಿಡಿಸಿತು.

ಚಳಿಗಾಲ ಪೂರ್ತಿ ಫೆರಿಯಲ್ಲಿ ವಾದವೋ ವಾದ. ಓಟ್‌ಕೇಕ್ ಬಿಸ್ಕತ್ತು ಮುರಿದು ದೊಡ್ಡ ಚೂರು ಅವಳ ಕೈಗಿಡುತ್ತಲೇ ಅವನು ಜಗಳವಾಡುತ್ತಿದ್ದ. ಅವಳ ಮೂಗಿನ ತುದಿ ಕೆಂಪಾಗುವುದನ್ನು ಕದ್ದು ನೋಡಿ, ಹೇಳಬೇಕಿದ್ದ ಮಾತನ್ನೇ ಮರೆಯುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಸೋಲೊಪ್ಪಿಕೊಂಡ. ಫಲಿತಾಂಶವನ್ನು ಯಾವ ಜೋಡಿಗೂ ತಿಳಿಸುವುದಿಲ್ಲವೆಂದು ಅರ್ಜಿ ತಿದ್ದಿದ.

ಅವಳಿಗೆ ಒಪ್ಪಿಗೆಯಾಯಿತು, ಸಮಿತಿಯ ಉಳಿದವರಲ್ಲಿ ಅರ್ಧ ಮಂದಿಗೆ ಆಗಲಿಲ್ಲ. ಮತ ಸಮವಾದರೆ ಅರ್ಜಿ ಬಿದ್ದಂತೆ. ಅವನ ವರ್ಷಗಟ್ಟಲೆ ದುಡಿಮೆ ಈಗ ಒಡೆಟ್‌ಳ ಒಂದು ಮತದ ಮೇಲೆ ನಿಂತಿತ್ತು.

ಸಭೆಯ ದಿನ ಅವನು ಹೊರಗೆ ಬೆಂಚಿನ ಮೇಲೆ ಕಾದು ಕೂತ. ಒಳಗೆ ಅಧ್ಯಕ್ಷೆ ಲೋರ್ನಾ ಎಂದಿನಂತೆ ಕೇಳಿದಳು, "ಅರ್ಜಿದಾರರ ಜೊತೆ ಯಾರಿಗಾದ್ರೂ ಸ್ವಂತ ಸಂಬಂಧ ಇದೆಯಾ? ಇದ್ರೆ ಹೇಳಿ, ಹೊರಗೆ ಹೋಗಿ."

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನಿಗೇ ಅವಳಿನ್ನೂ ಹೇಳಿರಲಿಲ್ಲ. ಆದರೆ ಅವನನ್ನು ಅಷ್ಟು ದಿನ ನ್ಯಾಯ-ನೀತಿ ಅಂತ ಸತಾಯಿಸಿ, ಈಗ ತಾನೇ ಕಳ್ಳತನದಿಂದ ಗೆಲ್ಲಿಸುವುದೇ? ಒಡೆಟ್ ಕೈ ಎತ್ತಿದಳು.

"ನಂಗಿದೆ. ನಾನು ಅವನನ್ನ ಪ್ರೀತಿಸ್ತೀನಿ."

"ಅಯ್ಯೋ ದೇವ್ರೇ! ಹಾಗೇ ಬರ್ಕೊಳ್ಲಾ?" ಎಂದಳು ಲೋರ್ನಾ.

"ಹಾಗೇ ಬರ್ಕೊಳ್ಳಿ."

ಅವಳು ಹೊರಬಂದಿದ್ದು ನೋಡಿ ಕ್ಯಾಲಮ್ ದಡಕ್ಕನೆ ಎದ್ದ. "ನೀವ್ಯಾಕೆ ಹೊರಗೆ? ನಿಮ್ಮ ಮತ ಇಲ್ದಿದ್ರೆ ನಾನು ಮುಳುಗಿದೆ!"

"ಗೊತ್ತು. ಆದ್ರೆ ಪ್ರೀತಿಸೋರ ಅರ್ಜಿಗೆ ಮತ ಹಾಕೋ ಹಾಗಿಲ್ಲ."

ಅವನು ಮುಚ್ಚಿದ ಬಾಗಿಲನ್ನು ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ಅಂದ್ರೆ ಮತ್ತೆ ಅರ್ಜಿ ಹಾಕಿದ್ರೂ ನೀನು ಹೊರಗೇ ಇರ್ಬೇಕಾ?"

"ಪ್ರತಿ ಸಲಾನೂ."

"ಹಾಗಿದ್ರೆ ಬಾ," ಎಂದು ಅವನು ಮತ್ತೆ ಬೆಂಚಿನ ಮೇಲೆ ಕೂತು, ಸರಿದು ಜಾಗ ಮಾಡಿದ.