ಉಪ್ಪಿನ ದಾರಿಯ ಕಲ್ಲುಗುಪ್ಪೆಗಳು

"ದಾರಿ ಇದ್ರೆ ತೋರಿಸಿ. ನಕ್ಷೆ ಮೇಲಲ್ಲ, ನೆಲದ ಮೇಲೆ," ಎಂದರು ಸಾಹೇಬರು.

ಭೂಮಾಪನ ಕಚೇರಿಯ ಆ ಕೋಣೆಯಲ್ಲಿ ಗೋಡೆಗಿಂತ ನಕ್ಷೆಗಳೇ ಹೆಚ್ಚು ಕಾಣುತ್ತಿದ್ದವು. ಮೇಜಿನ ಮೇಲೆ ಹರಡಿದ ಹಾಳೆ ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ಶಾಯಿ ಬುಡ್ಡಿ, ಇನ್ನೊಂದು ತುದಿಗೆ ಸಾಹೇಬರ ಟೀ ಲೋಟ. ನಡುವೆ ಕಣಿವೆ: ಸುತ್ತ ಬೆಟ್ಟಗಳು, ತಳದಲ್ಲಿ ನದಿ, ನದಿ ಹೊರಬೀಳುವ ಒಂದು ಕಿರಿದಾದ ಕಮರಿ. ಕಮರಿಯ ಗೋಡೆ ಕೊರೆದು ಮಾಡಿದ್ದ ರಸ್ತೆಯೂ ಸೇತುವೆಯೂ ಮೊನ್ನೆ ಗುಡ್ಡ ಕುಸಿದು ನೀರುಪಾಲಾಗಿದ್ದವು. ಹೊಸದು ಕಟ್ಟಲು ಮುಂದಿನ ಬೇಸಿಗೆಯೇ ಬರಬೇಕು. ಅಷ್ಟರೊಳಗೆ ಹಿಮ ಬೀಳುತ್ತದೆ. ದಾರಿಯಿಲ್ಲದ ಕಣಿವೆಯಲ್ಲಿ ಜನರನ್ನು ಬಿಡುವಂತಿಲ್ಲವೆಂದು, ವಾರದ ಕೊನೆಗೆ ಹೆಲಿಕಾಪ್ಟರ್ ಕಳಿಸಿ ಎಲ್ಲರನ್ನೂ ಕೆಳಗಿಳಿಸಲು ಮೇಲಿನವರು ತೀರ್ಮಾನಿಸಿದ್ದರು. ದನಕರು, ಗಿರಣಿ, ಬಿತ್ತಿದ ಹೊಲ ಎಲ್ಲ ಅಲ್ಲೇ.

ಹೀಗೆ ಇಳಿಸಿದವರನ್ನು ಮತ್ತೆ ಹತ್ತಿಸಿದ್ದನ್ನು ಮೇಜಿನ ಈಚೆ ನಿಂತಿದ್ದ ನಕ್ಷೆಗಾರ್ತಿ ತನ್ನ ಕೆಲಸದ ಬದುಕಿನಲ್ಲಿ ಎಲ್ಲೂ ಕಂಡಿರಲಿಲ್ಲ. ಎಷ್ಟೋ ಊರುಗಳ ಹೆಸರನ್ನು ನಕ್ಷೆಯಿಂದ ಅಳಿಸಿದ ಕೈ ಅವಳದು. ಈ ಊರಿನದನ್ನು ಅಳಿಸಲು ಅವಳಿಗೆ ಮನಸ್ಸಿರಲಿಲ್ಲ. ಅದು ಅವಳ ಅಜ್ಜಿಯ ಊರು.

"ಇತ್ತು ಸಾರ್. ಕಮರಿ ರಸ್ತೆ ಆಗೋಕೆ ಮುಂಚೆ ನಮ್ಮಜ್ಜಿ ಕಾಲದವರು ಬೆಟ್ಟದ ಮೇಲಿನ ಕಂಡಿ ದಾಟಿ ಬಂದು ಉಪ್ಪು ಒಯ್ತಿದ್ರು. ಚಳಿಗಾಲದಲ್ಲೂ. ಆ ಕಂಡಿಯ ಗಾಳಿಗೆ ಹಿಮ ನಿಲ್ಲಲ್ಲ ಅಂತಿದ್ಳು ಅಜ್ಜಿ."

"ಅಜ್ಜಿ ಅಂತಿದ್ಳು ಅಂತ ನಾನು ಮೇಲಿನವರಿಗೆ ಹೇಳೋಕಾಗುತ್ತಾ?" ಸಾಹೇಬರು ಕೆಟ್ಟವರಲ್ಲ, ಆದರೆ ಕಾಲಿಗೆ ಧೂಳು ಹತ್ತಿದವರ ಮಾತನ್ನು ಮಾತ್ರ ನಂಬುವವರು. "ಹೇಸರಗತ್ತೆ ನಡೆಯೋ ದಾರಿ ಇದೆ ಅಂತ ನಡೆದು ತೋರಿಸಿ. ಹೆಲಿಕಾಪ್ಟರ್ ನಿಲ್ಲಿಸೋದು ನನಗೆ ಬಿಡಿ."

ಅಷ್ಟು ಸಾಕಿತ್ತು. ಅವಳು ಹೊರಟದ್ದು ನೇರ ಸೋದರಮಾವನ ಮನೆಗೆ, ಜೊತೆಗೆ ಅಕ್ಕನ ಗಂಡ. ಭಾವನ ಕೆಲಸ ಹಗ್ಗಕ್ಕೆ ಜೋತುಬಿದ್ದು ಸೇತುವೆ, ನೀರಿನ ಟ್ಯಾಂಕುಗಳಿಗೆ ಬಣ್ಣ ಬಳಿಯುವುದು. ನೆಲದ ಮೇಲೆ ನಡೆಯುವುದಕ್ಕಿಂತ ಗಾಳಿಯಲ್ಲಿ ನೇತಾಡುವುದೇ ಅವರಿಗೆ ಹೆಚ್ಚು ಅಭ್ಯಾಸ.

ಮಾವನ ಮನೆಯ ಹೊಸಿಲ ಮೇಲೆ ಒಂದು ಗುಂಡುಕಲ್ಲು ಕೂತಿತ್ತು. ನಕ್ಷೆಗಾರ್ತಿ ಮೆಟ್ಟಿಲ ಮೇಲೆ ಕೂರಲು ಹೊರಟಳು. ಅಷ್ಟರಲ್ಲಿ ಭಾವ ಕಲ್ಲು ದಾಟಿ ಬಾಗಿಲು ಬಡಿದೇಬಿಟ್ಟಿದ್ದರು.

"ಅಳಿಯಂದಿರೇ," ಒಳಗಿಂದ ಗೊಗ್ಗರು ದನಿ ಬಂತು, "ಕಣ್ಣು ಮನೇಲಿಟ್ಟು ಬಂದ್ರಾ? ಹೊಸಿಲ ಮೇಲೆ ಕಲ್ಲಿದ್ರೆ ಮಲಗಿದ್ದಾರೆ, ಬರಬೇಡಿ ಅಂತ. ನಮ್ಮಮ್ಮ ಬೀಗ ಅಂತ ಹಾಕಿದ್ದೇ ಇಲ್ಲ, ಕಲ್ಲಿಟ್ಟರೆ ಮುಗೀತು."

"ಮದುವೆಯಾಗಿ ಇಷ್ಟು ವರ್ಷ ಆಯ್ತು ಮಾವ, ನಿಮ್ಮನೆ ಕಲ್ಲುಗಳ ಪರಿಚಯ ನನಗಿನ್ನೂ ಆಗಿಲ್ಲ," ಎಂದರು ಭಾವ.

ವಿಷಯ ಕೇಳಿದ ಮಾವ ನಿದ್ದೆ ಮರೆತು ಎದ್ದು ಕೂತರು. ಹೇಸರಗತ್ತೆ ಹೊಡೆಯುತ್ತ ಹತ್ತಾರು ಬೆಟ್ಟ ಸುತ್ತಿದ ಜೀವ ಅದು. ಹುಟ್ಟಿದ ಕಣಿವೆಯನ್ನು ಮಾತ್ರ ನೋಡಿದ್ದಿಲ್ಲ. ಹಾಲು ಕುಡಿಯುವ ಕೂಸಾಗಿದ್ದಾಗ ಹೇಸರಗತ್ತೆಯ ಬೆನ್ನ ಮೇಲಿನ ಬುಟ್ಟಿಯಲ್ಲಿ ಅದೇ ದಾರಿಯಿಂದ ಹೊರಗೆ ಬಂದವರು.

"ನಾನಿಲ್ದೆ ಹೋದ್ರೆ ನೀವಿಬ್ಬರೂ ದಾರಿ ತಪ್ತೀರಿ, ಪುಟ್ಟಿ," ಎಂದರು. ನಕ್ಷೆಗಾರ್ತಿಯ ತಲೆಯಲ್ಲಿ ಬೆಳ್ಳಿಕೂದಲು ಇಣುಕಿದ್ದರೂ ಮಾವನಿಗೆ ಅವಳು ಪುಟ್ಟಿಯೇ. "ಬೆಟ್ಟದಲ್ಲಿ ದಾರಿ ಹುಡುಕೋಕೆ ನಕ್ಷೆ ಬೇಡ. ಕಲ್ಲುಗುಪ್ಪೆ ಎಲ್ಲಿದೆಯೋ ಅಲ್ಲಿದೆ ದಾರಿ. ಇದು ಲೋಕಕ್ಕೇ ಗೊತ್ತಿರೋ ಮಾತು."

ಮರುದಿನ ಬೆಳಕು ಹರಿಯುವ ಮೊದಲೇ ಹೊರಟರು. ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಭಾವನ ಹಗ್ಗಗಳು, ನಕ್ಷೆಯ ಕೊಳವೆ. ದಾರಿ ಶುರುವಾದದ್ದೇ ಒಂದು ಒಣಹಳ್ಳದಲ್ಲಿ. ಆ ಹಳ್ಳದ ಅಗಲ ದೊಡ್ಡ ನದಿಯೊಂದು ಹರಿಯುವಷ್ಟಿತ್ತು, ನೀರು ಮಾತ್ರ ಬೊಗಸೆಯಷ್ಟೂ ಇರಲಿಲ್ಲ. ಮೊದಲು ಗಿಡಗಂಟೆ, ಆಮೇಲೆ ಬೋಳು ಬಂಡೆ, ಆಮೇಲೆ ಬಂಡೆಗಳ ನಡುವೆ ಕೆಂಪಗೆ ಒಣಗಿದ ಹುಲ್ಲು. ಏರುತ್ತ ಏರುತ್ತ ಎರಡು ಶಿಖರಗಳ ನಡುವೆ ಕಂಡಿ ಕಂಡಿತು. ಕೆಳಗಿನಿಂದ ನೋಡುವಾಗ ಬಾಗಿಲಷ್ಟೇ ಇದ್ದದ್ದು ಹತ್ತಿರವಾದಂತೆ ಊರೇ ಹಿಡಿಸುವಷ್ಟು ಅಗಲವಾಯಿತು. ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಳ್ಳಲ್ಲ. ಮೂವರ ಮೊಣಕಾಲೂ ಅದಕ್ಕೆ ಸಾಕ್ಷಿ ಹೇಳುತ್ತಿದ್ದವು.

ಕಂಡಿಯಲ್ಲಿ ಗಾಳಿ ಮಾತಾಡಲು ಬಿಡಲಿಲ್ಲ. ನಕ್ಷೆಗಾರ್ತಿ ಬಗ್ಗಿ ಒಂದು ಕಲ್ಲೆತ್ತಿಕೊಂಡು ಬಂಡೆಯ ಮರೆಗೆ ಬಂದಳು. ಕಲ್ಲು ಮೊಟ್ಟೆಯಂತೆ ನುಣುಪಾಗಿತ್ತು.

"ಇದು ನೀರಲ್ಲಿ ಉರುಳಿದ ಕಲ್ಲು ಮಾವ. ಕಣಿವೆ ಒಂದು ಕಾಲಕ್ಕೆ ಕೆರೆ. ತುಂಬಿದ ನೀರು ಈ ಕಂಡಿಯಿಂದ ಹೊರಗೆ ಹೋಗ್ತಿತ್ತು. ಆಮೇಲೆ ಆ ತುದೀಲಿ ಕಮರಿ ಕೊರೆದುಕೊಂಡು ನದಿ ದಿಕ್ಕೇ ಬದಲಾಯಿಸ್ತು. ಕೆರೆ ಬರಿದಾಯ್ತು. ಜನ ಬಂದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ."

"ಅಂದ್ರೆ ನಾನು ಹುಟ್ಟಿದ್ದು ಕೆರೆ ತಳದಲ್ಲಾ?"

"ಅದಕ್ಕೇ ಮಾವನ ದನಿ ಕಪ್ಪೆ ಥರ," ಎಂದರು ಭಾವ. ಮಾವ ಕೇಳಿಸಲಿಲ್ಲವೆಂಬಂತೆ ಬ್ರೆಡ್ಡು ಮುರಿದರು.

ಆಚೆ ಬದಿಯಲ್ಲಿ ಕಣಿವೆ ತುಂಬ ಮಂಜು. ಆದರೆ ಮಂಜಿನ ಮೇಲೆ, ಬೆಟ್ಟದ ಮೈ ಸುತ್ತ ಒಂದೇ ಎತ್ತರದಲ್ಲಿ ಒಂದು ಚಪ್ಪಟೆ ಗೆರೆ ಓಡಿತ್ತು. ಹಂಡೆಯಲ್ಲಿ ನೀರಿಳಿದ ಮೇಲೆ ಒಳಮೈಯಲ್ಲಿ ಉಳಿಯುವ ಗೆರೆಯಂತೆ. ಹಳೆಯ ಕೆರೆಯ ದಡ ಅದು. ಉಪ್ಪು ಹೊತ್ತವರು ನಡೆಯುವುದಾದರೆ ಅದರ ಮೇಲೆಯೇ ನಡೆದಿರಬೇಕು.

ಸ್ವಲ್ಪ ದೂರದಲ್ಲೇ ಗೆರೆ ಒಡೆದು ಕವಲಾಯಿತು. ಒಂದು ಕವಲಿನ ಬಾಯಲ್ಲಿ ಮೊಣಕಾಲೆತ್ತರದ ಕಲ್ಲುಗುಪ್ಪೆ.

"ಹೇಳಲಿಲ್ವಾ ನಾನು?" ಮಾವನ ಮುಖ ಅರಳಿತು. ಆ ಕವಲು ಹಿಡಿದರು. ಹೋಗಿ ನೋಡಿದರೆ ಮುಂದೆ ನೆಲವೇ ಇಲ್ಲ, ಬರೀ ಪ್ರಪಾತ. "ದಾರಿ ಕುಸಿದಿದೆ, ಇನ್ನೊಂದು ಇರುತ್ತೆ," ಎಂದರು. ಇನ್ನೊಂದು ಗುಪ್ಪೆ ಸಿಕ್ಕಿತು. ಅದು ಜಾರುವ ಜಲ್ಲಿಯ ಇಳಿಜಾರಿಗೆ ಒಯ್ದು ಬಿಟ್ಟಿತು. ಮತ್ತೊಂದು ಸಿಕ್ಕುವ ಹೊತ್ತಿಗೆ ಮಂಜು ಮೇಲೇರಿ ಅವರನ್ನೂ ಮುಚ್ಚಿತ್ತು. ಭಾವ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಇನ್ನೊಂದು ತುದಿ ನಕ್ಷೆಗಾರ್ತಿಯ ಕೈಗೆ ಕೊಟ್ಟು, ಗುಪ್ಪೆ ದಾಟಿ ಮುಂದಾದರು.

"ನೆಲ ಗಟ್ಟಿ ಇದೆ. ಬನ್ನಿ," ಎಂದರು.

ನೆಲ ಗಟ್ಟಿ ಇರಲಿಲ್ಲ.

ಒಂದು ಸದ್ದು. ಕಲ್ಲುಗಳು ಉರುಳಿದ ಸದ್ದು. ಹಗ್ಗ ಸರ್ರನೆ ಓಡಿತು.

"ಕೂತ್ಕೊಳ್ಳಿ ಮಾವ," ಎಂದು ಕಿರುಚಿ ನಕ್ಷೆಗಾರ್ತಿ ಹಿಮ್ಮಡಿ ಬಂಡೆಗೊತ್ತಿ ಕೂತಳು. ಮಾವ ಹಗ್ಗವನ್ನು ಸೊಂಟಕ್ಕೆ ಸುತ್ತಿ ಅವಳ ಹಿಂದೆ ಕುಕ್ಕರಿಸಿದರು.

ಹಗ್ಗ ಬಿಗಿಯಿತು. ಅವಳ ಅಂಗೈ ಸುಟ್ಟಿತು. ಬಿಡಲಿಲ್ಲ.

ಕೆಳಗಿಂದ ಮಾತೇ ಇಲ್ಲ. ಅಕ್ಕನಿಗೆ ಯಾವ ಮುಖ ಹೊತ್ತು ಏನು ಹೇಳಲಿ ಎನ್ನುವುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

"ಭಾವ?"

"ಇದೀನಿ," ಎಂದಿತು ಮಂಜು. "ಕೆಲಸದ ಥರಾನೇ ನೇತಾಡ್ತಿದೀನಿ, ಬಣ್ಣದ ಡಬ್ಬ ಒಂದು ಕಮ್ಮಿ, ಅಷ್ಟೇ. ನಿಧಾನ ಎಳೀರಿ."

ಭಾವ ಮೇಲೆ ಬಂದಾಗ ಮೊಣಕೈ ತರಚಿತ್ತು, ಮುಖ ಬಿಳಿಚಿಕೊಂಡಿತ್ತು, ನಗು ಮಾತ್ರ ಇದ್ದಲ್ಲೇ ಇತ್ತು. ನಗದವರು ಮಾವ. ಹತ್ತಿರದ ಬಂಡೆಯ ಮರೆಗೆ ಹೋಗಿ ಕೂತರು. "ವಾಪಸ್ ಹೋಗೋಣ ಪುಟ್ಟಿ. ಬೆಟ್ಟ ಗೊತ್ತು ಗೊತ್ತು ಅಂತ ನಿಮ್ಮಿಬ್ಬರನ್ನೂ ಸಾವಿನ ಬಾಯಿಗೆ ತಂದಿಟ್ಟೆ. ಊರು ಖಾಲಿಯಾಗಬೇಕು ಅಂತಿದ್ರೆ ಆಗಲಿ." ಹುಟ್ಟಿದೂರನ್ನು ಇಷ್ಟು ಹತ್ತಿರ ಬಂದೂ ನೋಡದೆ ತಿರುಗುವುದು ಅವರಿಗೆ ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಸಾಹೇಬರ ಮುಂದೆ ಬರಿಗೈಲಿ ನಿಲ್ಲುವುದು ತನಗೆಷ್ಟು ಕಷ್ಟವೆಂದೂ ಗೊತ್ತಿತ್ತು.

"ಸ್ವಲ್ಪ ಮಲಗಿ ಮಾವ. ಮಂಜು ತೆಳುವಾದ ಮೇಲೆ ನೋಡೋಣ."

ಮಾವ ಬಂಡೆಯಡಿ ಮೈ ಚಾಚಿದರು. ಕಣ್ಣು ಮುಚ್ಚುವ ಮುಂಚೆ ಕೈ ತಾನಾಗಿಯೇ ಹೊರಗೆ ಬಂತು, ಅಲ್ಲೇ ಬಿದ್ದಿದ್ದ ಕಲ್ಲೊಂದನ್ನು ಎಳೆದು ಬಂಡೆಯ ಬಾಯಲ್ಲಿಟ್ಟಿತು.

ನಕ್ಷೆಗಾರ್ತಿ ಆ ಕಲ್ಲನ್ನು ನೋಡಿದಳು. ಮಡಿಲಲ್ಲಿದ್ದ ನಕ್ಷೆಯನ್ನು ನೋಡಿದಳು. ಕಂಡ ಗುಪ್ಪೆಗಳಿಗೆಲ್ಲ ಅವಳು ಗುರುತು ಹಾಕಿದ್ದಳು, ಎಲ್ಲವೂ ಕವಲಿನ ಬಾಯಲ್ಲೇ. ಎಲ್ಲದರ ಹಿಂದೆಯೂ ಸಾವೇ.

"ಮಾವ, ಏಳಿ. ಆ ಕಲ್ಲು ಯಾಕಿಟ್ರಿ?"

"ಯಾಕೆ ಅಂದ್ರೆ? ಬರಬೇಡಿ ಅಂತ."

"ಈ ಗುಪ್ಪೆ ಇಟ್ಟವರು ಯಾರು?"

ಮಾವ ಎದ್ದು ಕೂತರು. ತಾವಿಟ್ಟ ಕಲ್ಲನ್ನು ದಿಟ್ಟಿಸಿದರು. "ನಮ್ಮಮ್ಮನ ಕಡೆಯೋರು," ಎಂದರು ಕೊನೆಗೆ. "ಅಯ್ಯೋ, ನಾನೆಂಥ ಪೆದ್ದ. ಬೇರೆ ಬೆಟ್ಟದ ಲೆಕ್ಕ ತಂದು ಮನೆಯೋರ ತಲೆಗೆ ಕಟ್ಟಿದೆನಲ್ಲ. ದಾರಿ ತೋರಿಸೋಕೆ ಇಟ್ಟ ಕಲ್ಲಲ್ಲ ಇವು. ಮುಚ್ಚಿದ ಬಾಗಿಲು."

"ಅಂದ್ರೆ ನಾನು ಮತ್ತೆ ಕಲ್ಲು ದಾಟಿ ಬಾಗಿಲು ಬಡಿದೆ," ಎಂದರು ಭಾವ ಮೊಣಕೈ ಒರೆಸಿಕೊಳ್ಳುತ್ತ.

ಮಂಜು ತೆಳುವಾಗುವವರೆಗೆ ಕಾಯಬೇಕಾದ ಅಗತ್ಯವೇ ಈಗ ಇರಲಿಲ್ಲ. ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹಳೆಯ ದಡ ಹಿಡಿದು ನಡೆದರು. ಮುಂದೆ ಭಾವ, ಕೋಲಿನಿಂದ ತಡವುತ್ತ.

"ಎಡಕ್ಕೆ ಕಲ್ಲಿದೆ."

"ಹಾಗಾದ್ರೆ ಬಲಕ್ಕೆ ತಿರುಗಿ," ಎನ್ನುವರು ಮಾವ.

"ಬಲಕ್ಕೂ ಇದೆ."

"ನೇರ ನಡೀರಿ ಅಳಿಯಂದಿರೇ. ಎರಡೂ ಕೋಣೆಯೋರು ಮಲಗಿದ್ದಾರೆ."

ಒಮ್ಮೆಯೂ ಕಾಲು ತಪ್ಪಲಿಲ್ಲ. ಕಲ್ಲಿಲ್ಲದ ಕಡೆ ನೆಲ ಅಗಲವಾಗಿತ್ತು, ತುಂಬಿದ ಮೂಟೆ ಹೊತ್ತ ಹೇಸರಗತ್ತೆ ಆರಾಮಾಗಿ ನಡೆಯುವಷ್ಟು. ನಕ್ಷೆಗಾರ್ತಿ ಹೆಜ್ಜೆಹೆಜ್ಜೆಗೂ ಅದನ್ನು ಗುರುತು ಮಾಡಿಕೊಂಡಳು. ಯಾವ ಕಾಲದಲ್ಲೋ ಯಾರೋ ಕಾಲು ಜಾರಿ ಸತ್ತಿದ್ದಾರೆ, ಉಳಿದವರು ಅತ್ತು, ಕಲ್ಲಿಟ್ಟು, ಮುಂದಕ್ಕೆ ಹೋಗಿದ್ದಾರೆ. ಅವರ ದುಃಖವೇ ಈಗ ತಮ್ಮನ್ನು ಕೈಹಿಡಿದು ನಡೆಸುತ್ತಿದೆ ಎನ್ನಿಸಿ ಅವಳ ಕಣ್ಣು ತುಂಬಿತು.

ರಾತ್ರಿಯನ್ನು ಬಂಡೆಯಡಿ ಕಳೆದು, ಮರುದಿನ ಮಂಜಿನ ಕೆಳಗಿಳಿದರು. ಕಣಿವೆ ಒಮ್ಮೆಲೇ ತೆರೆದುಕೊಂಡಿತು: ನದಿಯ ಎರಡೂ ಕಡೆ ಚಚ್ಚೌಕ ಹೊಲಗಳು, ಮೇಯುವ ದನ, ತಿರುಗುತ್ತಿದ್ದ ಗಿರಣಿಯ ಚಕ್ರ, ಶಾಲೆಯ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ. ಖಾಲಿ ಮಾಡಬೇಕಾದ ಊರಿನ ಯಾವ ಲಕ್ಷಣವೂ ಅಲ್ಲಿರಲಿಲ್ಲ. ಮಾವ ನಿಂತಲ್ಲೇ ನಿಂತು ನೋಡಿದರು.

ಮೊದಲು ಸಿಕ್ಕಿದ್ದು ಗಿರಣಿಯವಳ ಮನೆ. ಹೊಸಿಲ ಮೇಲೆ ಕಲ್ಲಿತ್ತು.

ಬೆಟ್ಟ ದಾಟಿ, ಸಾವು ತಪ್ಪಿಸಿಕೊಂಡು, ಊರು ಉಳಿಸಲು ಬಂದ ಮೂವರು ಆ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಭಾವ ಎಲ್ಲರಿಗಿಂತ ಮೊದಲು ಕೂತರು.

ಬಿಸಿಲು ಕಾಲು ಬುಡಕ್ಕೆ ಬರುವ ಹೊತ್ತಿಗೆ ಬಾಗಿಲು ತೆರೆಯಿತು. ಹಿಟ್ಟು ಮೆತ್ತಿದ ಕೈಯ, ನಿದ್ದೆಗಣ್ಣಿನ ಹೆಂಗಸೊಬ್ಬಳು ಮೂವರನ್ನೂ, ಕಲ್ಲನ್ನೂ ನೋಡಿದಳು.

"ಎಲ್ಲಿಂದ ಬಂದ್ರಿ? ಸೇತುವೆ ಇಲ್ವಲ್ಲ."

"ಉಪ್ಪಿನ ದಾರಿಯಿಂದ," ಎಂದಳು ನಕ್ಷೆಗಾರ್ತಿ.

"ಅದು ಸತ್ತು ಯಾವ ಕಾಲ ಆಯ್ತೋ ಅಂದ್ಕೊಂಡಿದ್ವಿ." ಅವಳು ಇನ್ನೊಮ್ಮೆ ಕಲ್ಲನ್ನು ನೋಡಿದಳು. "ಬಾಗಿಲು ಬಡೀದೆ ಕೂತ್ರಾ? ಹಾಗಾದ್ರೆ ನೀವು ನಮ್ಮೋರೇ. ಒಳಗೆ ಬನ್ನಿ."

ಮಾವ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡರು. ಹೊಗೆ ಅಂದರು. ಅಲ್ಲಿ ಒಲೆಯೇ ಉರಿಯುತ್ತಿರಲಿಲ್ಲ.

ವಾಪಸಾಗುವಾಗ ಗಿರಣಿಯವಳೂ ತನ್ನ ಎರಡು ಹೇಸರಗತ್ತೆ ಹೊಡೆದುಕೊಂಡು ಜೊತೆಗೆ ಹೊರಟಳು, ಅವುಗಳ ಬೆನ್ನ ತುಂಬ ಹಿಟ್ಟಿನ ಮೂಟೆ. ಆ ವರ್ಷದ ಮೊದಲ ಹಿಮ ದಾರಿಯಲ್ಲೇ ಸುರಿಯಿತು. ದಡದ ಮೇಲೆ ಕಣಕಾಲು ಹೂತಿತು, ಒಂದು ಹೇಸರಗತ್ತೆ ಎರಡು ಬಾರಿ ಹಟ ಹಿಡಿದು ನಿಂತಿತು. ಮಾವ ಅದರ ಕಿವಿಯಲ್ಲಿ ಏನೋ ಹೇಳಿ ನಡೆಸಿದರು. ಎಲ್ಲರ ತುಟಿ ಒಡೆದಿತ್ತು, ಭಾವನ ಮೊಣಕೈ ಬಾತಿತ್ತು. ಆದರೆ ಕಂಡಿಗೆ ಬಂದಾಗ ನೆಲ ಗುಡಿಸಿಟ್ಟಂತೆ ಬರಿದಾಗಿತ್ತು. ಅಜ್ಜಿಯ ಗಾಳಿ ತನ್ನ ಕೆಲಸ ಮಾಡಿತ್ತು.

ಹೆಲಿಕಾಪ್ಟರ್ ಹಾರಬೇಕಿದ್ದ ಹಿಂದಿನ ದಿನ ಮಧ್ಯಾಹ್ನ ಕಚೇರಿಯ ಅಂಗಳದಲ್ಲಿ ಹೇಸರಗತ್ತೆಗಳು ನಿಂತು ಸಾಹೇಬರ ಹೂಕುಂಡ ಮೇಯತೊಡಗಿದವು. ಸಾಹೇಬರು ಹೊರಗೆ ಬಂದು ಅವುಗಳ ಗೊರಸು ನೋಡಿದರು, ಮೂಟೆ ಕೈಯಿಂದ ಎತ್ತಿ ತೂಕ ನೋಡಿದರು, ಒಳಗೆ ಬಂದು ನಕ್ಷೆ ನೋಡಿದರು. ನಕ್ಷೆಗಾರ್ತಿ ಕಂಡಿಯಲ್ಲಿ ಸಿಕ್ಕ ನುಣುಪು ಕಲ್ಲನ್ನು ಹಾಳೆಯ ತುದಿಗಿಟ್ಟು, ಕೆರೆಯಿಂದ ಹಿಡಿದು ಗುಪ್ಪೆಗಳವರೆಗೆ ಎಲ್ಲ ಹೇಳಿದಳು.

"ಕೂತಿರಿ. ಮೇಲಿನವರ ಹತ್ತಿರ ಮಾತಾಡಿ ಬರ್ತೀನಿ," ಎಂದು ಸಾಹೇಬರು ಪಕ್ಕದ ಕೋಣೆಯ ಫೋನಿಗೆ ಹೋದರು.

ಗೋಡೆಯಾಚೆ ಸಾಹೇಬರ ದನಿ ಒಮ್ಮೆ ಏರಿತು, ಒಮ್ಮೆ ಇಳಿಯಿತು. ಏನೂ ತಿಳಿಯಲಿಲ್ಲ. ಗಿರಣಿಯವಳು ಸೆರಗಿನ ತುದಿ ಹಿಂಡುತ್ತ ಕೂತಳು. ಮಾವನಿಗೆ ಕೂರಲಾಗಲಿಲ್ಲ. ನುಣುಪು ಕಲ್ಲನ್ನು ಎತ್ತಿ ಕೋಣೆಯ ಹೊಸಿಲ ಮೇಲಿಟ್ಟು, ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿಕೊಂಡರು.

ಸಾಹೇಬರು ಬಂದರು. ಒಳಗಿಡಲು ಎತ್ತಿದ ಕಾಲು ಕಲ್ಲನ್ನು ಕಂಡು ಹಾಗೇ ನಿಂತಿತು. ಬೆಂಚಿನ ಕಡೆ ನೋಡಿದರು, ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ತಮ್ಮದೇ ಕೋಣೆಯ ಹೊರಗೆ ನಿಂತು ನಕ್ಷೆಗಾರ್ತಿಗೆ ಪಿಸುದನಿಯಲ್ಲಿ ಹೇಳಿದರು:

"ಹೆಲಿಕಾಪ್ಟರ್ ಬರಲ್ಲ. ಜನ ಅಲ್ಲೇ ಇರಬಹುದು. ನಕ್ಷೇಲಿ ದಾರಿ ಬರೀರಿ."

ಮಾವ ಕಣ್ಣು ತೆರೆಯಲಿಲ್ಲ.

"ಇನ್ನೊಂದು ಸಲ ಗಟ್ಟಿಯಾಗಿ ಹೇಳಿ ಸಾಹೇಬ್ರೇ," ಎಂದರು, "ನನಗಿನ್ನೂ ನಿದ್ದೆ ಬಂದಿಲ್ಲ."