ಹಳದಿ ಗೆರೆಯ ಪತಂಗ

"ಎರಡೂ ಒಂದೇ ಅಲ್ವಾ?" ಎಂದು ಚಿತ್ರಗಾರ ಮೊದಲ ದಿನವೇ ಕೇಳಿದಾಗ, ಮ್ಯೂಸಿಯಂನಲ್ಲಿ ಪತಂಗಗಳ ಕೋಣೆ ನೋಡಿಕೊಳ್ಳುತ್ತಿದ್ದ ಅವಳಿಗೆ ಮೈಯೆಲ್ಲ ಉರಿದಿತ್ತು.

"ಕಣ್ಣು ಬಿಟ್ಟು ನೋಡಿ ಸರ್," ಎಂದು ಭೂತಗನ್ನಡಿ ಕೈಗಿತ್ತಿದ್ದಳು. ಎರಡೂ ಬೂದುಬಣ್ಣದ ಪತಂಗಗಳೇ. ಒಂದು ಎಲ್ಲ ಊರಿನ ದೀಪಕ್ಕೂ ಮುತ್ತುವಂಥದ್ದು. ಅದರ ಸಂತತಿಗೇನೂ ಧಕ್ಕೆಯಿಲ್ಲ. ಇನ್ನೊಂದರ ಹಿಂದಿನ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ. ಅದು ಉಳಿದಿರುವುದು ಒಂದೇ ಒಂದು ಗುಡ್ಡದಲ್ಲಿ. ಎರಡೂ ಬೇರೆ ಬೇರೆ ಎಂದು ಚಿತ್ರಸಮೇತ ತೋರಿಸಿದರೆ ಮಾತ್ರ ಅದು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರುತ್ತಿತ್ತು, ಗಣಿಗಾಗಿ ಆ ಗುಡ್ಡ ಅಗೆಯುವುದು ನಿಲ್ಲುತ್ತಿತ್ತು.

ಅಂದಿನಿಂದ ಅವನು ದಿನಾ ಮಧ್ಯಾಹ್ನ ಬರತೊಡಗಿದ. ಕಿಟಕಿಯ ಬಿಸಿಲು ಗಾಜಿನ ಪೆಟ್ಟಿಗೆಗಳ ಮೇಲೆ ಮೆಲ್ಲಗೆ ಜಾರುತ್ತಿತ್ತು. ನುಸಿಗುಳಿಗೆಯ ವಾಸನೆಯೂ ಅವಳಿಗೆ ಹಿತವೆನಿಸತೊಡಗಿತು. ಅವನು ಕುಂಚ ತುಟಿಗೆ ತಾಗಿಸಿ ಯೋಚಿಸುವಾಗ ಕಳ್ಳಗಣ್ಣಿನಲ್ಲಿ ನೋಡುವಳು. ಅವನು ತಲೆಯೆತ್ತಿದರೆ ಕೈಯಲ್ಲಿನ ಹೆಸರಿನ ಚೀಟಿ ಓದುವಂತೆ ನಟಿಸುವಳು.

"ಚೀಟಿ ತಲೆಕೆಳಗಾಗಿದೆ," ಎಂದನೊಮ್ಮೆ.

ಮನೆಯಲ್ಲಿ ಅಕ್ಕನೂ ಬಿಡಲಿಲ್ಲ. "ಸತ್ತ ಪತಂಗ ಕಾಯೋಕೆ ಇಷ್ಟು ಸಿಂಗಾರ ಬೇಕೇನೇ?"

ಪಟ್ಟಿಗೆ ಅರ್ಜಿ ಕಳಿಸಲು ಕೊನೆಯ ದಿನ ಬಂತು. ಲಕೋಟೆಯ ಮೇಲೆ ಅಂದಿನ ಅಂಚೆ ಮುದ್ರೆ ಬಿದ್ದರೆ ಸಾಕಿತ್ತು. ಅವನು ಮಾತ್ರ "ಇನ್ನೊಂಚೂರು" ಎನ್ನುತ್ತಲೇ ಇದ್ದ. ಕೈ ತೊಳೆಯಲು ಹೋದಾಗ ಗಾಳಿಗೆ ಅವನ ಫೈಲು ಬಿಚ್ಚಿಕೊಂಡಿತು. ಒಳಗೆ ಎರಡೂ ಪತಂಗಗಳ ಚಿತ್ರ, ಪೂರ್ತಿಯಾಗಿ. ಮೂಲೆಯಲ್ಲಿ ಹತ್ತು ದಿನ ಹಿಂದಿನ ತಾರೀಕು.

"ಮುಗಿದು ಹತ್ತು ದಿನ ಆಯ್ತಾ?" ಅವನು ಒಳಬರುತ್ತಲೇ ಕೇಳಿದಳು. "ಇವತ್ತು ಹೋಗ್ದಿದ್ರೆ ಆ ಗುಡ್ಡದ ಗತಿ? ಮಕ್ಕಳಾಟನಾ ಇದು?"

ಅವನ ಮುಖ ಬಿಳುಚಿಕೊಂಡಿತು. "ಇವತ್ತು ಕೊಟ್ಟೇ ಕೊಡ್ತಿದ್ದೆ. ಆದ್ರೂ ತಪ್ಪು ನಂದೇ. ಕೊಟ್ಟ ಮೇಲೆ ಇಲ್ಲಿಗೆ ಬರೋಕೆ ನಂಗೇನು ನೆಪ ಇತ್ತು, ಹೇಳಿ?"

ಅವಳು ಚಿತ್ರವನ್ನು ಅರ್ಜಿಯ ಲಕೋಟೆಗೆ ಸೇರಿಸಿ ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿದಳು. ಅಂಚೆ ಕಚೇರಿ ಮುಚ್ಚಲು ಐದೇ ನಿಮಿಷ ಉಳಿದಿತ್ತು.

ಅವಳು ಹೊರಬಂದಾಗ ಅವನು ಕಚೇರಿಯ ಬಾಗಿಲ ಬಳಿ ಏದುಸಿರು ಬಿಡುತ್ತ ನಿಂತಿದ್ದ. "ಮುದ್ರೆ ಬಿತ್ತಾ?"

"ಬಿತ್ತು."

ಆ ವರ್ಷದ ಪಟ್ಟಿಯಲ್ಲಿ ಪತಂಗಕ್ಕೆ ಜಾಗ ಸಿಕ್ಕಿತು, ಗುಡ್ಡವೂ ಉಳಿಯಿತು. ಅದು ಆಮೇಲಿನ ಮಾತು. ಆಗ ಬೀದಿಯ ತುಂಬ ಎಳೆ ಸಂಜೆಯ ಬೆಳಕು ಮಾತ್ರ ಇತ್ತು.

"ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು.

"ಗೊತ್ತು. ಇನ್ನು ಬರಲ್ಲ, ಬಿಡಿ."

"ಬರದಿದ್ರೆ ಇಳಿಯೋದು ಹೇಗೆ? ದಿನಾ ಬರ್ಬೇಕು."

ಅವನು ನಂಬದೆ ನೋಡಿದ. "ಏನಂತ ಹೇಳ್ಕೊಂಡು ಬರ್ಲಿ?"

ಅವಳು ಅವನ ಬಣ್ಣ ಮೆತ್ತಿದ ಕಿರುಬೆರಳನ್ನು ಮೆಲ್ಲಗೆ ಹಿಡಿದುಕೊಂಡಳು.

"ನನ್ನನ್ನ ನೋಡೋಕೆ ಅಂತ ಹೇಳಿ."